ಬ್ಯಾಟರಿಯ ಬಲದಲ್ಲಿ ಸಂಗೀತ

ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಬಂದದ್ದು 1902ರಲ್ಲಿ, ಸುಮಾರು 92 ಮೈಲಿ ದೂರದ ಶಿವನಸಮುದ್ರದಿಂದ. ಬೆಂಗಳೂರಿನ ಬೀದಿದೀಪ ಹತ್ತಿದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ. ಹಾಗೆಂದು ಗಣಿಯ ಆಸುಪಾಸಿನ ಕ್ಯಾಸಂಬಳ್ಳಿ, ಬೇತಮಂಗಲದ ಕಡೆಯ ಹಳ್ಳಿಗಳು ಅಂದೇ ಬೆಳಗಿದವೆಂದು ಭಾವಿಸಬೇಕಿಲ್ಲ. ತಂತಿ ಎಳೆದದ್ದು ಗಣಿಯ ಯಂತ್ರಗಳಿಗಾಗಿ. ಸಾವಿರಾರು ವೋಲ್ಟಿನ ಆ ತಂತಿಯಿಂದ ಮನೆಗೆ ಬೆಳಕು ಇಳಿಯಬೇಕಾದರೆ ಟ್ರಾನ್ಸ್‌ಫಾರ್ಮರು ಬೇಕು, ಊರೊಳಗೆ ಕಂಬ ಬೇಕು, ದುಡ್ಡು ಹಾಕುವವರೂ ಬೇಕು. ನಾಡಿನ ಬಹುಪಾಲು ಹಳ್ಳಿಗಳಿಗೆ ಆ ಭಾಗ್ಯ ಒದಗಿದ್ದು ಸ್ವಾತಂತ್ರ್ಯಾನಂತರವೇ.

ಹಾಡು ಮಾತ್ರ ಕರೆಂಟಿಗಾಗಿ ಕಾಯಲಿಲ್ಲ. 1955ರ ನವೆಂಬರಿನಲ್ಲಿ ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದಾಗ ಕರೆಂಟಿಲ್ಲದ ಊರಿನಲ್ಲಿ ಅದನ್ನು ಕೇಳಿಸುತ್ತಿದ್ದುದು ಬ್ಯಾಟರಿ ರೇಡಿಯೊ. ವಾಲ್ವಿನ ಆ ಪೆಟ್ಟಿಗೆಗೆ ಎರಡು ಬಗೆಯ ಮೇವು: ಒಳಗಿನ ತಂತಿ ಕಾಯಲು ಒಂದೂವರೆ ವೋಲ್ಟು, ಮಿಕ್ಕ ಕೆಲಸಕ್ಕೆ 90 ವೋಲ್ಟು. ಟಾರ್ಚಿನ ಸೆಲ್ಲುಗಳ ಲೆಕ್ಕದಲ್ಲಿ 90 ವೋಲ್ಟೆಂದರೆ ಸಾಲಾಗಿ 60 ಸೆಲ್ಲು! ವಾರ್ತೆ ಮುಗಿದೊಡನೆ ಮನೆಯ ಹಿರಿಯರು ಕಿವಿ ತಿರುಪಿ ರೇಡಿಯೊ ಆರಿಸುತ್ತಿದ್ದುದು ಜಿಪುಣತನದಿಂದಲ್ಲ. ಟ್ರಾನ್ಸಿಸ್ಟರು ಬಂದು ಆ ಹೊರೆಯನ್ನು ನಾಲ್ಕಾರು ಸೆಲ್ಲಿಗೆ ಇಳಿಸಿತು.

ಊರಹಬ್ಬದ ಮೈಕ್‌ಸೆಟ್ಟಿನದು ಇನ್ನೊಂದು ಜಾಣ್ಮೆ. ಗಾಡಿಯ ಮೇಲೆ ಲಾರಿಯ ಬ್ಯಾಟರಿ, ಪಕ್ಕದಲ್ಲಿ 12 ವೋಲ್ಟಿನ ಆಂಪ್ಲಿಫೈಯರು, ಮೇಲೆ ಕಹಳೆಯಾಕಾರದ ಲೌಡ್‌ಸ್ಪೀಕರು. ಕಹಳೆಯ ಬಾಯಿ ಸಣ್ಣ ಶಕ್ತಿಯನ್ನೂ ದೂರಕ್ಕೆ ತಳ್ಳುತ್ತದೆ. ಆದ್ದರಿಂದಲೇ ಕೆಲವೇ ವಾಟಿನ ಹಾಡು ಕೆರೆಯಾಚೆಗೂ ಕೇಳುತ್ತಿತ್ತು. ಇಂಪು ಕಡಿಮೆ, ನಿಜ. ಆದರೆ ಇಂಪಿಗಿಂತ ಎಟುಕು ಮುಖ್ಯವಾದ ಕಡೆ ಅದು ದೋಷವಲ್ಲ.

ಮನೆಯ ಹೈಫೈಗೆ ಬಂದರೆ ಲೆಕ್ಕ ಬೇರೆ. 12 ವೋಲ್ಟಿನಲ್ಲಿ, 4 ಓಮಿನ ಸ್ಪೀಕರಿಗೆ, ಸಾಮಾನ್ಯ ಆಂಪ್ಲಿಫೈಯರು ಕೊಡಬಲ್ಲದ್ದು ಹೆಚ್ಚೆಂದರೆ ನಾಲ್ಕೂವರೆ ವಾಟು. ಎರಡನ್ನು ಜೋಡಿಸಿ ಎದುರುಬದುರಾಗಿ ದುಡಿಸಿದರೆ 18. ಟೇಪ್‌ರೆಕಾರ್ಡರಿನ ಡಬ್ಬದ ಮೇಲೆ 'ಪಿ.ಎಂ.ಪಿ.ಓ.' ಎಂದು ಅಚ್ಚಾಗುತ್ತಿದ್ದ ಸಾವಿರ ವಾಟು ಯಾವ ಗಣಿತವೋ! ಒಳ್ಳೆಯ ಸ್ಪೀಕರಿದ್ದರೆ ಒಂದು ಕೋಣೆಗೆ ನಾಲ್ಕು ವಾಟೂ ಸಾಕು. 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 480 ವಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಪೂರ್ತಿ ಹಿಂಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಅರ್ಧ ಮಾತ್ರ ಬಳಸಬೇಕು. 20 ವಾಟು ಎಳೆಯುವ ಸೆಟ್ಟು ಹಾಗೆ 12 ಗಂಟೆ ಹಾಡುತ್ತದೆ.

ಬ್ಯಾಟರಿಯಿಂದ ನಾದಕ್ಕೆ ವಿಶೇಷ ಮಾಧುರ್ಯ ಬರುತ್ತದೆಂದು ಕೆಲವರು ಪ್ರತಿಪಾದಿಸುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಗೋಡೆಯ ಕರೆಂಟನ್ನು ಏಕಮುಖಗೊಳಿಸಿದಾಗ ಸೆಕೆಂಡಿಗೆ ನೂರು ಮಿಡಿತ ಉಳಿಯುತ್ತವೆ. ಅವನ್ನು ಸರಿಯಾಗಿ ಸೋಸದಿದ್ದರೆ ತಂಬೂರಿಯ ಶ್ರುತಿಯಡಿಯಲ್ಲಿ ಗುಂಯ್ ಎಂಬ ಬೇಡದ ಶ್ರುತಿಯೊಂದು ಸೇರುತ್ತದೆ. ಬ್ಯಾಟರಿಗೆ ಆ ಮಿಡಿತವಿಲ್ಲ. ಆದರೆ ಚೆನ್ನಾಗಿ ಸೋಸಿದ ಸೆಟ್ಟಿನಲ್ಲಿ ವ್ಯತ್ಯಾಸ ಕೇಳಿಸುವುದು ದುರ್ಲಭ. ಅದೇ ಬ್ಯಾಟರಿಗೆ ಅಗ್ಗದ ಇನ್ವರ್ಟರು ತಗುಲಿಸಿ, 230 ವೋಲ್ಟಿಗೆ ಏರಿಸಿ, ಮತ್ತೆ ಸೆಟ್ಟಿನೊಳಗೆ ಇಳಿಸಿಕೊಂಡರೆ ಶಕ್ತಿಯೂ ವ್ಯರ್ಥ, ಗುಂಯ್‌ಗುಡುವಿಕೆಯೂ ಮರಳಬಹುದು. 12 ವೋಲ್ಟನ್ನೇ ನೇರವಾಗಿ ಉಣ್ಣುವ ಸೆಟ್ಟು ಮೇಲು.

ಬ್ಯಾಟರಿಯ ಧನ ತುದಿಗೆ ಹತ್ತಿರದಲ್ಲೇ ಫ್ಯೂಸು ಇರಲಿ. ತಂತಿಗಳು ತಗುಲಿದರೆ 12 ವೋಲ್ಟೂ ಬೆಂಕಿ ಹಚ್ಚಬಲ್ಲದು. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಅದನ್ನು ದೇವರ ಕೋಣೆಯ ಮಗ್ಗುಲಲ್ಲಿ, ದೀಪದ ಹತ್ತಿರ ಇಡದೆ, ಗಾಳಿಯಾಡುವ ಜಗಲಿಯಲ್ಲಿಡಬೇಕು.