ಹಳದಿ ಮಣ್ಣಿನ ನಾಡಿನ ಹುಂಡಿಯ ಪಟ್ಟಣ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಚೀನಾ ದೇಶವೆಂದೊಡನೆ ನಮ್ಮ ಮಕ್ಕಳ ಮನಸ್ಸಿಗೆ ಬರುವುದು ಮಹಾಗೋಡೆ, ರೇಷ್ಮೆ ಮತ್ತು ಬೀಜಿಂಗಿನ ಅರಮನೆ. ಆದರೆ ಒಂದು ದೇಶವನ್ನು ಅದರ ರಾಜಧಾನಿಯಿಂದ ಮಾತ್ರವೇ ಅರಿಯಲಾಗದು. ಆದುದರಿಂದ ನಾವು ಇಂದು ಉತ್ತರ ಚೀನಾದ ಪಿಂಗ್ಯಾವ್ ಎಂಬ ಸಣ್ಣ ಪಟ್ಟಣದ ವಿಚಾರವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಕಡಲಿಲ್ಲದ, ಬಂದರಿಲ್ಲದ, ಅರಸನ ಪೀಠವೂ ಇಲ್ಲದ ಈ ಊರು ಒಂದು ಕಾಲಕ್ಕೆ ಚೀನಾ ಸಾಮ್ರಾಜ್ಯದ ಹಣದ ವ್ಯವಹಾರಕ್ಕೆ ಕೇಂದ್ರವಾಗಿತ್ತು. ಆ ಹಿರಿಮೆ ಹೇಗೆ ಬಂದಿತು, ಏಕೆ ಉಳಿಯಲಿಲ್ಲ, ಎಂಬುದೇ ನಮ್ಮ ಇಂದಿನ ವಿಷಯ.

ಮೊದಲು ಭೂಗೋಳವನ್ನು ನೋಡೋಣ. ಬೀಜಿಂಗಿನ ನೈಋತ್ಯಕ್ಕೆ ಶಾನ್‌ಸಿ ಎಂಬ ಪ್ರಾಂತವಿದೆ. ಆ ಹೆಸರಿಗೆ ‘ಬೆಟ್ಟಗಳ ಪಶ್ಚಿಮ’ ಎಂದರ್ಥ. ಪೂರ್ವದಲ್ಲಿ ತೈಹಾಂಗ್ ಪರ್ವತಶ್ರೇಣಿ, ಪಶ್ಚಿಮದಲ್ಲಿ ಹಳದಿ ನದಿ. ನಡುವೆ ಹರಿಯುವ ಫೆನ್ ನದಿಯ ಬಯಲಿನಲ್ಲಿ, ಪ್ರಾಂತದ ರಾಜಧಾನಿಯಾದ ತೈಯುವಾನಿನಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಪಿಂಗ್ಯಾವ್ ನೆಲೆಸಿದೆ. ಅಲ್ಲಿಯ ನೆಲ ಗಾಳಿ ತಂದು ಹಾಸಿದ ಹಳದಿ ಧೂಳಿನ ಮಣ್ಣು. ಅದು ಫಲವತ್ತಾದುದೇ ಸರಿ. ಆದರೆ ಮಳೆ ಕಡಿಮೆ, ಬಂದ ಮಳೆಯೂ ಬಹುಪಾಲು ಬೇಸಗೆಯ ಕೆಲವೇ ವಾರಗಳಲ್ಲಿ ಸುರಿದುಹೋಗುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಗೋಧಿ, ಜೋಳ, ನವಣೆ, ಮೆಕ್ಕೆಜೋಳ ಇವು ಅಲ್ಲಿಯ ಬೆಳೆಗಳು. ಜೋಳ ನವಣೆಗಳನ್ನು ಬಲ್ಲ ನಮ್ಮ ರೈತಬಾಂಧವರಿಗೆ ಅಲ್ಲಿಯ ಬದುಕಿನ ಬಿಗಿ ಸುಲಭವಾಗಿ ತಿಳಿದೀತು.

ಭೂಮಿ ಸಾಲದೆ ಹೋದಾಗ ಅಲ್ಲಿಯ ಜನರು ವ್ಯಾಪಾರವನ್ನು ಹಿಡಿದರು. ಶಾನ್‌ಸಿಯ ಉತ್ತರಕ್ಕೆ ಮಂಗೋಲರ ಹುಲ್ಲುಗಾವಲು, ದಕ್ಷಿಣಕ್ಕೆ ಚೀನಾದ ಬಯಲುಸೀಮೆ. ಮಿಂಗ್ ಅರಸರ ಕಾಲದಲ್ಲಿ ಗಡಿಯ ಸೇನೆಗೆ ಧಾನ್ಯ ಸಾಗಿಸಿದ ವರ್ತಕರಿಗೆ ಸರಕಾರವು ಉಪ್ಪನ್ನು ಮಾರುವ ಪರವಾನಗಿಯನ್ನು ಕೊಡುತ್ತಿತ್ತು. ಶಾನ್‌ಸಿಯ ವರ್ತಕರು ಇದರಿಂದ ಬಲಗೊಂಡರು. ಮುಂದೆ ಅವರು ದಕ್ಷಿಣದ ಚಹವನ್ನು ಒಂಟೆಗಳ ಮೇಲೆ ರಷ್ಯದ ಗಡಿಯವರೆಗೂ ಒಯ್ದರು. ಇಂದು ಕಾಣುವ ಪಿಂಗ್ಯಾವಿನ ಕೋಟೆಗೋಡೆಯೂ ಮಿಂಗ್ ಕಾಲದ್ದೇ. 1370ರಲ್ಲಿ ಕುಟ್ಟಿ ಗಟ್ಟಿಮಾಡಿದ ಮಣ್ಣಿನಿಂದ ಅದನ್ನು ಹಿಗ್ಗಿಸಿ ಕಟ್ಟಿದರು. ಹೊರಮೈಗೆ ಇಟ್ಟಿಗೆ ಹೊದಿಸಲಾಗಿದೆ. ಸುತ್ತಳತೆ 6 ಕಿಲೋಮೀಟರಿಗೆ ತುಸು ಹೆಚ್ಚು, ಬಾಗಿಲುಗಳು ಆರು. ದಕ್ಷಿಣದ ಬಾಗಿಲು ತಲೆ, ಉತ್ತರದ್ದು ಬಾಲ, ಪೂರ್ವ ಪಶ್ಚಿಮಗಳ ನಾಲ್ಕು ಬಾಗಿಲುಗಳು ಕಾಲುಗಳು ಎಂದು ಎಣಿಸಿ, ಜನರು ಈ ಊರನ್ನು ‘ಆಮೆಯ ಪಟ್ಟಣ’ವೆಂದು ಕರೆಯುವುದುಂಟು. ಆಮೆಯು ಅವರಲ್ಲಿ ದೀರ್ಘಾಯುಷ್ಯದ ಕುರುಹು.

ಇನ್ನು ಹಣದ ಕಥೆ. ಆಗ ಚೀನಾದಲ್ಲಿ ದೊಡ್ಡ ವ್ಯವಹಾರಗಳು ಬೆಳ್ಳಿಯ ಗಟ್ಟಿಗಳಲ್ಲಿ ನಡೆಯುತ್ತಿದ್ದವು. ‘ಲಿಯಾಂಗ್’ ಎಂಬುದು ತೂಕದ ಅಳತೆ. ಒಂದು ಲಿಯಾಂಗ್ ಸುಮಾರು 37 ಗ್ರಾಂ, ಎಂದರೆ ಮೂರು ತೊಲಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಸಾವಿರ ಲಿಯಾಂಗ್ ಸಾಗಿಸಬೇಕಾದರೆ ಎಷ್ಟು ಭಾರವಾದೀತು? ಲೆಕ್ಕ ಹಾಕಿರಿ ಮಕ್ಕಳೇ: 370 ಕಿಲೋಗ್ರಾಂ! ದಾರಿಯಲ್ಲಿ ಕಳ್ಳರು, ಕಾವಲಿಗೆ ಆಯುಧ ಹಿಡಿದ ಆಳುಗಳು ಬೇಕು, ವೆಚ್ಚವೂ ಅಪಾಯವೂ ಅಪಾರ.

ಪಿಂಗ್ಯಾವಿನ ಬಣ್ಣದ ವ್ಯಾಪಾರದ ಅಂಗಡಿಯೊಂದಕ್ಕೆ ಬೀಜಿಂಗಿನಲ್ಲಿಯೂ ಶಾಖೆಯಿತ್ತು. ಊರಿಗೆ ಹಣ ಕಳುಹಿಸಬೇಕಾದವರು ಅಲ್ಲಿ ಬೆಳ್ಳಿಯನ್ನು ಕೊಟ್ಟು ಚೀಟಿ ಪಡೆಯುವುದು, ಆ ಚೀಟಿಯನ್ನು ತೋರಿಸಿ ಇಲ್ಲಿ ಬೆಳ್ಳಿಯನ್ನು ಪಡೆಯುವುದು, ಹೀಗೆ ರೂಢಿಯಾಯಿತೆಂದು ಹೇಳುತ್ತಾರೆ. ಅಂಗಡಿಯನ್ನು ನಡೆಸುತ್ತಿದ್ದ ಲೆಯ್ ಲ್ಯೂತಾಯ್ ಎಂಬಾತನು ಇದರಲ್ಲಿ ಹೊಸ ಉದ್ಯೋಗವನ್ನೇ ಕಂಡನು. ಸುಮಾರು 1823ರಲ್ಲಿ, ಬಂಡವಾಳ ಹಾಕಿದ ಲೀ ಮನೆತನದ ಬೆಂಬಲದಿಂದ, ‘ರಿಷೆಂಗ್‌ಚಾಂಗ್’ ಎಂಬ ಸಂಸ್ಥೆ ಹುಟ್ಟಿತು. ಚೀಟಿಯ ಮೂಲಕ ಹಣ ರವಾನಿಸುವುದನ್ನೇ ಮುಖ್ಯ ಕಸುಬಾಗಿ ಮಾಡಿಕೊಂಡ ಸಂಸ್ಥೆಗಳಲ್ಲಿ ಚೀನಾದಲ್ಲಿ ಇದೇ ಮೊದಲನೆಯದು. ನಮ್ಮ ದೇಶದ ಸಾಹುಕಾರರು ಬಹುಕಾಲದಿಂದ ನಡೆಸಿಬಂದ ಹುಂಡಿಯ ವ್ಯವಹಾರವೂ ಇದೇ ಬಗೆಯದು. ದೇವಾಲಯದ ಕಾಣಿಕೆಯ ಹುಂಡಿಯಲ್ಲ, ವರ್ತಕರು ಬರೆದುಕೊಡುವ ಹುಂಡಿ, ಎಂಬುದನ್ನು ಮಕ್ಕಳು ನೆನಪಿಡಬೇಕು.

ಕೇವಲ ಒಂದು ಕಾಗದವನ್ನು ಹೇಗೆ ನಂಬುವುದು? ಅವರು ಅದಕ್ಕೆ ಗುಪ್ತ ಲಿಪಿಯನ್ನು ಕಟ್ಟಿಕೊಂಡರು. ಹನ್ನೆರಡು ತಿಂಗಳಿಗೆ ಹನ್ನೆರಡು ಅಕ್ಷರ, ಮೂವತ್ತು ದಿನಗಳಿಗೆ ಮೂವತ್ತು ಅಕ್ಷರ, ಅಂಕಿಗಳಿಗೆ ಬೇರೆ ಅಕ್ಷರ. ಈ ಅಕ್ಷರಗಳನ್ನು ಸಾಲಾಗಿ ಓದಿದರೆ ಪದ್ಯದಂತೆ ತೋರುತ್ತಿತ್ತು. ಗುಮಾಸ್ತರು ಅದನ್ನು ಬಾಯಿಪಾಠ ಮಾಡಬೇಕಾಗಿತ್ತು. ಆಗಾಗ ಇಡೀ ಲಿಪಿಯನ್ನೇ ಬದಲಿಸುತ್ತಿದ್ದರು. ಹುಂಡಿಯನ್ನು ಬರೆಯುವವನ ಕೈಬರಹವನ್ನು ಶಾಖೆಗಳವರು ಗುರುತಿಸುತ್ತಿದ್ದರು.

ಕೆಲಸಕ್ಕೆ ಸೇರುವ ಹುಡುಗನಿಗೆ ಬಲ್ಲವರೊಬ್ಬರು ಜಾಮೀನು ನಿಲ್ಲಬೇಕು. ಅವನು ದುಂಡಾಗಿ ಬರೆಯಲು, ಮಣಿಚೌಕಟ್ಟಿನಲ್ಲಿ ಲೆಕ್ಕ ಮಾಡಲು ಕಲಿತು, ಹಲವು ವರ್ಷ ಉಮೇದುವಾರನಾಗಿ ದುಡಿಯಬೇಕು. ದೂರದ ಶಾಖೆಗೆ ಹೋದವನು ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟಿರಬೇಕು. ಇದು ಕಠಿನ ನಿಯಮವೇ. ಆದರೆ ನಿಷ್ಠೆಯಿಂದ ದುಡಿದವನಿಗೆ, ಕಾಸೊಂದನ್ನೂ ಹೂಡದಿದ್ದರೂ, ಅವನ ದುಡಿಮೆಯನ್ನೇ ಬಂಡವಾಳವೆಂದೆಣಿಸಿ ಲಾಭದಲ್ಲಿ ಪಾಲು ಕೊಡುತ್ತಿದ್ದರು. ಭಿಕ್ಷೆ ಬೇಡುತ್ತಿದ್ದ ಮುದುಕಿಯೊಬ್ಬಳು ತೀರಿಹೋದ ಗಂಡನ ಹಳೆಯ ಅಂಗಿಯಲ್ಲಿ ಸಿಕ್ಕ ಹುಂಡಿಯನ್ನು ತಂದಾಗ, ಹಲವು ದಶಕಗಳ ಹಿಂದಿನ ಲೆಕ್ಕದ ಪುಸ್ತಕವನ್ನು ಹುಡುಕಿ ಅವಳಿಗೆ ಪೂರ್ಣ ಹಣವನ್ನು ಕೊಟ್ಟರೆಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಇಂತಹ ಕಥೆಯನ್ನು ಹೇಳಿಸಿಕೊಳ್ಳುವುದೇ ಒಂದು ಸಂಸ್ಥೆಯ ದೊಡ್ಡ ಆಸ್ತಿಯಲ್ಲವೆ?

1851ರಿಂದ 1864ರವರೆಗೆ ತೈಪಿಂಗ್ ದಂಗೆಯು ದಾರಿಗಳನ್ನು ಮುಚ್ಚಿದಾಗ, ಸರಕಾರವೇ ತನ್ನ ತೆರಿಗೆಯ ಹಣವನ್ನು ಈ ಹುಂಡಿಗಳ ಮೂಲಕ ಕಳುಹಿಸತೊಡಗಿತು. ಪಿಂಗ್ಯಾವ್ ಒಂದರಲ್ಲಿಯೇ ಇಪ್ಪತ್ತರಷ್ಟು ಹುಂಡಿ ಸಂಸ್ಥೆಗಳು ನೆಲೆಗೊಂಡವು.

ಆದರೆ ಕಾಲ ಬದಲಾಯಿತು. ತಂತಿ, ರೈಲು, ಉಗಿಹಡಗುಗಳು ಬಂದವು. 1897ರಲ್ಲಿ ಶಾಂಘೈಯಲ್ಲಿ ಚೀನೀಯರ ಮೊದಲ ಆಧುನಿಕ ಬ್ಯಾಂಕು ತೆರೆಯಿತು. 1905ರಲ್ಲಿ ಸರಕಾರದ ಬ್ಯಾಂಕೇ ಬಂದಿತು. ಅದರಲ್ಲಿ ಸೇರಿರೆಂದು ಬಂದ ಆಹ್ವಾನವನ್ನು ಶಾನ್‌ಸಿಯ ಒಡೆಯರು ಒಪ್ಪಲಿಲ್ಲ. ಹೊರಗಿನ ಶಾಖೆಗಳಲ್ಲಿದ್ದು ಲೋಕವನ್ನು ಕಂಡವರು ‘ನಾವೂ ಬ್ಯಾಂಕಾಗಿ ಮಾರ್ಪಡೋಣ’ ಎಂದು ಕೇಳಿಕೊಂಡರೂ, ಊರಿನಲ್ಲಿ ಕುಳಿತ ಹಿರಿಯರು ಕಿವಿಗೊಡಲಿಲ್ಲ. 1911ರ ಕ್ರಾಂತಿಯಲ್ಲಿ ಅರಸೊತ್ತಿಗೆ ಕುಸಿಯಿತು. ಅಡವಿಲ್ಲದೆ ನಂಬಿಕೆಯ ಮೇಲೆ ಕೊಟ್ಟ ಸಾಲ ಹಿಂದಿರುಗಲಿಲ್ಲ. ಠೇವಣಿ ಇಟ್ಟವರು ಬಾಗಿಲಿಗೆ ಬಂದು ನಿಂತರು. 1914ರಲ್ಲಿ ರಿಷೆಂಗ್‌ಚಾಂಗ್ ದಿವಾಳಿಯಾಯಿತು. ಯಾವ ನಂಬಿಕೆ ಅವರನ್ನು ಎತ್ತಿತೋ, ಕಾಲಕ್ಕೆ ತಕ್ಕ ವಿದ್ಯೆ ಜೊತೆಗೂಡದುದರಿಂದ ಅದೊಂದೇ ಅವರನ್ನು ಕಾಪಾಡಲಾರದೆ ಹೋಯಿತು.

ಬಳಿಕ ಪಟ್ಟಣವು ಬಡವಾಯಿತು. ವಿಚಿತ್ರವೆಂದರೆ ಆ ಬಡತನವೇ ಅದನ್ನು ಉಳಿಸಿತು! ಇತರ ಊರುಗಳು ಗೋಡೆಗಳನ್ನು ಕೆಡವಿ ಹೊಸ ಬೀದಿಗಳನ್ನು ಮಾಡುವಾಗ ಪಿಂಗ್ಯಾವಿನಲ್ಲಿ ಅದಕ್ಕೆ ಹಣವಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿಯೂ ಕೆಡಹುವ ಕೆಲಸ ತೊಡಗಿದಾಗ, ಶಾಂಘೈಯ ತೊಂಗ್‌ಜಿ ವಿಶ್ವವಿದ್ಯಾಲಯದ ರುವಾನ್ ಯಿಸಾನ್ ಎಂಬ ವಿದ್ವಾಂಸರು ತಡೆದು, ಹಳೆಯದನ್ನು ಉಳಿಸಿ ಹೊಸ ಊರನ್ನು ಹೊರಗೆ ಕಟ್ಟಿರೆಂದು ಯೋಜನೆ ಹಾಕಿಕೊಟ್ಟರು. 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಂದು ರಿಷೆಂಗ್‌ಚಾಂಗಿನ ಕಟ್ಟಡವು ವಸ್ತುಸಂಗ್ರಹಾಲಯ. ಪ್ರವಾಸಿಗರು, ಮಸಾಲೆಯ ಗೋಮಾಂಸದ ಮಾರಾಟ, ಅಂಗೈಯಿಂದಲೇ ತಿಕ್ಕಿ ಹೊಳಪು ತರುವ ಮೆರುಗೆಣ್ಣೆಯ ಪೆಟ್ಟಿಗೆಗಳು, ಸುತ್ತಣ ಬೇಸಾಯ, ಇವು ಜೀವನಾಧಾರ. 2014ರಿಂದ ವೇಗದ ರೈಲು ಬಂದಿದೆ. ಆದರೂ ರಕ್ಷಣೆಯ ಕೆಲಸ ಮುಗಿಯುವಂಥದಲ್ಲ: 2021ರ ಅಕ್ಟೋಬರಿನ ಭಾರಿ ಮಳೆಗೆ ಗೋಡೆಯ ಒಂದು ಭಾಗ ಕುಸಿದುಬಿದ್ದಿತು.

ಮಕ್ಕಳೇ, ಆ ಊರನ್ನು ಮೇಲೆತ್ತಿದುದು ಚಿನ್ನದ ಗಣಿಯಲ್ಲ. ತಪ್ಪಿಲ್ಲದ ಬರಹ, ತಪ್ಪಿಲ್ಲದ ಲೆಕ್ಕ, ತಪ್ಪದ ಮಾತು. ಈ ಮೂರನ್ನೂ ನಿಮ್ಮ ಶಾಲೆಯ ಬೆಂಚಿನ ಮೇಲೆಯೇ ಕಲಿಯಬಹುದು. ಪೋಷಕರೇ, ಅದನ್ನು ಕೆಳಗಿಳಿಸಿದುದು ಹೊರಗೆ ಹೋಗಿ ಬಂದ ಕಿರಿಯರ ಮಾತಿಗೆ ಮನೆಯ ಹಿರಿಯರು ಕಿವಿಗೊಡದುದು. ಹಳೆಯ ಗೋಡೆಯನ್ನು ಕೆಡವದೆ ಅದರ ಹೊರಗೆ ಹೊಸ ಊರನ್ನು ಕಟ್ಟುವ ಜಾಣ್ಮೆ ಪಿಂಗ್ಯಾವಿಗೆ ತಡವಾಗಿ ಬಂದಿತು. ನಮಗೆ ಅದು ಸಕಾಲದಲ್ಲಿ ಬರಲೆಂದು ಹಾರೈಸುತ್ತೇವೆ.