ಹೊತ್ತಿಗೆ ಕಟ್ಟಿದ ಪ್ರಾರ್ಥನೆ

ಮಾಗಡಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಸುಮನಹಳ್ಳಿ ಪಶ್ಚಿಮ ಬೆಂಗಳೂರಿನವರಿಗೆ ಎರಡು ಕಾರಣಕ್ಕೆ ಪರಿಚಿತ. ಕುಷ್ಠರೋಗದಿಂದ ನೊಂದವರಿಗೆ ಚಿಕಿತ್ಸೆ, ಸೂರು, ಕಸುಬು ಒದಗಿಸಲೆಂದು ಬೆಂಗಳೂರಿನ ಕಥೋಲಿಕ ಮಹಾಧರ್ಮಕ್ಷೇತ್ರ 1970ರ ದಶಕದ ಕೊನೆಯಲ್ಲಿ ಕಟ್ಟಿದ ಸಂಸ್ಥೆ ಅಲ್ಲಿದೆ. ಕೋವಿಡ್ ಹಬ್ಬಿದ್ದ 2021ರ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ವಿದ್ಯುತ್ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತಿದ್ದವು. ಕೆಂಗೇರಿಯ ಚಿತಾಗಾರದಲ್ಲೂ ಅದೇ ಸ್ಥಿತಿ. ಆಗ ಚರ್ಚುಗಳಿಗೆ ಭಕ್ತರು ಬರುವಂತಿರಲಿಲ್ಲ. ರಾಜಾಜಿನಗರ, ವಿಜಯನಗರದ ಕ್ರೈಸ್ತ ಮನೆಗಳಿಗೆ ಭಾನುವಾರದ ಆರಾಧನೆ ಮೊಬೈಲ್ ಪರದೆಯಲ್ಲೇ ಬಂತು. ಗುರುಗಳಿಲ್ಲ, ಗಾನವೃಂದವಿಲ್ಲ, ಪಕ್ಕದಲ್ಲಿ ಕೂರುವವರಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮನೆಯ ಕೈಯಲ್ಲಿ ಪ್ರಾರ್ಥನೆ ಅಂತ ಉಳಿಯುವುದೇನು ಎಂಬುದೇ ಇಂದಿನ ಉಪನ್ಯಾಸದ ವಿಷಯ. ನನ್ನ ವಾದ ಇಷ್ಟು: ಕಷ್ಟ ಬಂದ ಮೇಲೆ ಹುಡುಕಿಕೊಂಡು ಹೋದ ಪ್ರಾರ್ಥನೆಗಿಂತ, ಕಷ್ಟವಿಲ್ಲದ ದಿನಗಳಲ್ಲಿ ಹೊತ್ತುಹೊತ್ತಿಗೆ ಹೇಳಿ ಬಾಯಿಗೆ ಬಂದ ಚಿಕ್ಕ ಪ್ರಾರ್ಥನೆಯೇ ಕಷ್ಟದಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ.

ಇದಕ್ಕೆ ಆಧಾರ ಹಳೆಯದು. ದೇವಾಲಯವನ್ನೂ ದೇಶವನ್ನೂ ಕಳೆದುಕೊಂಡು ಬಾಬಿಲೋನಿನಲ್ಲಿದ್ದ ದಾನಿಯೇಲ ದಿನಕ್ಕೆ ಮೂರು ಬಾರಿ ಮೊಣಕಾಲೂರಿದನೆಂದು ಬೈಬಲ್ ಹೇಳುತ್ತದೆ; ಪ್ರಾರ್ಥನೆಯನ್ನು ನಿಷೇಧಿಸಿದ ರಾಜಾಜ್ಞೆ ಹೊರಟ ದಿನವೂ ಅವನು ಹಿಂದೆ ಮಾಡುತ್ತಿದ್ದುದನ್ನೇ ಮಾಡಿದ. ಆದಿಸಭೆಯ ಕೈಪಿಡಿಯಾದ ‘ದಿದಾಖೆ’ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸುತ್ತದೆ. ಕಥೋಲಿಕರ ತ್ರಿಕಾಲ ಪ್ರಾರ್ಥನೆಯ ಗಂಟೆ, ಪ್ರಾಟೆಸ್ಟಂಟ್ ಮನೆಗಳ ಬೆಳಗು ಬೈಗಿನ ಕುಟುಂಬ ಪ್ರಾರ್ಥನೆ ಇದೇ ಜಾಡಿನವು. ಕನ್ನಡದಲ್ಲಿ ಈ ಕೆಲಸಕ್ಕೆ ಹಾಡೂ ಹೆಗಲು ಕೊಟ್ಟಿತು. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಬರೆದು ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸುಗಳಿಗೆ ಒಗ್ಗಿಸಿದರು, ಲಯಕ್ಕೆ ಒಗ್ಗಿದ್ದು ಪುಸ್ತಕ ಮುಚ್ಚಿದ ಮೇಲೂ ನೆನಪಿನಲ್ಲಿರುತ್ತದೆ. ರಾಜಾಜಿನಗರ ಕೈಗಾರಿಕಾ ಪ್ರದೇಶದ ಶಿಫ್ಟು, ಮೈಸೂರು ರಸ್ತೆಯ ಗಾರ್ಮೆಂಟ್ಸಿನ ಪಂಚಿಂಗ್ ನಡುವೆ ಬದುಕುವವರಿಗೆ ಒಂದು ಗಂಟೆಯ ಧ್ಯಾನ ಮಾಡಿ ಎನ್ನುವುದು ಸಲಹೆಯೇ ಅಲ್ಲ. ಒಲೆ ಹಚ್ಚುವಾಗ ಒಮ್ಮೆ, ಊಟದ ಡಬ್ಬಿ ಬಿಚ್ಚುವಾಗ ಒಮ್ಮೆ, ಮಲಗುವ ಮುಂಚೆ ಮನೆಯವರೆಲ್ಲ ಸೇರಿ ಒಮ್ಮೆ ಎಂದರೆ ಅವರಿಂದ ಆಗುತ್ತದೆ.

ಬಾಯಿಪಾಠದ ಮಾತಿನಲ್ಲಿ ಮನಸ್ಸೆಲ್ಲಿದೆ ಎಂದು ಕೇಳುವವರಿದ್ದಾರೆ. ಬರಿದೆ ಮಾತು ಹೆಚ್ಚಿಸಬೇಡಿರೆಂದು ಯೇಸುವೇ ಎಚ್ಚರಿಸಿದ್ದು ನಿಜ. ಆದರೆ ಮತ್ತಾಯನ ಆರನೆಯ ಅಧ್ಯಾಯದಲ್ಲಿ ಆ ಎಚ್ಚರಿಕೆಯ ಬೆನ್ನಿಗೇ ಅವನು ಶಿಷ್ಯರಿಗೆ ಕೊಟ್ಟದ್ದು ಸಿದ್ಧವಾದ, ಅರ್ಧ ನಿಮಿಷದಲ್ಲಿ ಮುಗಿಯುವ ಒಂದು ಪ್ರಾರ್ಥನೆಯನ್ನು. ಅವನು ಬೇಡವೆಂದದ್ದು ಮಾತಿನ ಆಡಂಬರವನ್ನು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 88 ತೋರಿಸುತ್ತಿದೆ, ಹಾಸಿಗೆ ಸಿಗುವುದೋ ಇಲ್ಲವೋ ತಿಳಿಯದು, ಫೋನಿನ ಆ ಕಡೆ ಯಾರೂ ಎತ್ತುತ್ತಿಲ್ಲ. ಆ ರಾತ್ರಿ ರೋಗಿಯ ಪಕ್ಕ ಕೂತವರಿಗೆ ಸ್ವಂತ ಮಾತು ಹೊರಡುವುದಿಲ್ಲ. ಆಗ ಬೇಕಾಗುವುದು ಬೇರೊಬ್ಬರು ಮೊದಲೇ ಕೊಟ್ಟುಹೋದ ಮಾತು. 1943ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಜೊತೆಯ ಕೈದಿಗಳಿಗೆಂದು ಪ್ರಾರ್ಥನೆಗಳನ್ನು ಬರೆದುಕೊಟ್ಟದ್ದು ಈ ಕೊರತೆಯನ್ನು ಬಲ್ಲವರ ಕೆಲಸ.

ಪ್ರಾರ್ಥನೆ ಕೈಕಟ್ಟಿ ಕೂರುವವರ ಸಮಾಧಾನ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪ್ರಾರ್ಥಿಸಿದರೆ ಸಾಕು, ಲಸಿಕೆ ಬೇಡ ಎನ್ನುವ ಬೋಧಕರಿಗೆ ತಮ್ಮ ಪರಂಪರೆಯೇ ತಿಳಿದಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ದೇವರನ್ನು ಬೇಡಿಕೊಳ್ಳುವುದರ ಜೊತೆಗೆ ಮನೆಗೆ ಹೊಗೆ ಹಾಕುವುದು, ಔಷಧಿ ತೆಗೆದುಕೊಳ್ಳುವುದು, ಅಗತ್ಯವಿಲ್ಲದ ಕಡೆ ಹೋಗದಿರುವುದು ಎಲ್ಲವನ್ನೂ ಸೇರಿಸಿ ಬರೆದರು. ಔಷಧಿ ಒಲ್ಲೆನೆನ್ನುವುದು ದೇವರನ್ನು ಪರೀಕ್ಷಿಸಿದಂತೆ ಎಂದರು. ಅದಕ್ಕೂ ಬಹಳ ಹಿಂದೆ, ಕ್ರಿ.ಶ. 252ರ ಸುಮಾರಿಗೆ, ಕಾರ್ಥೇಜಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಬಿಷಪ್ ಸಿಪ್ರಿಯನ್ ಕ್ರೈಸ್ತರಲ್ಲದವರ ಆರೈಕೆಗೂ ತನ್ನ ಜನರನ್ನು ಹೊರಡಿಸಿದ. ಯೇಸು ಕಲಿಸಿದ ಪ್ರಾರ್ಥನೆಗೆ ವ್ಯಾಖ್ಯಾನ ಬರೆದವನೂ ಅವನೇ. ಅಲ್ಲಿ ಯಾರೂ ತನಗೊಬ್ಬನಿಗೇ ಅನ್ನವನ್ನಾಗಲಿ ಕ್ಷಮೆಯನ್ನಾಗಲಿ ಬೇಡುವುದಿಲ್ಲ ಎಂಬುದನ್ನು ಅವನು ಒತ್ತಿ ಹೇಳುತ್ತಾನೆ. ದಿನಕ್ಕೆ ಮೂರು ಸಲ ಎಲ್ಲರ ಅನ್ನಕ್ಕಾಗಿ ಬೇಡುವವನಿಗೆ ಅದೇ ವಠಾರದಲ್ಲಿ ಕೆಲಸ ಹೋಗಿ ಬಾಡಿಗೆ ಕಟ್ಟಲಾಗದೆ ಕೂತವರು ಕಾಣದಿದ್ದರೆ ತಪ್ಪು ಬೇಡುವವನದು. ಬೆಂಗಳೂರಿನ ‘ಮರ್ಸಿ ಏಂಜೆಲ್ಸ್’ ಸ್ವಯಂಸೇವಕರು ಕೋವಿಡ್‌ನಿಂದ ಸತ್ತವರ ದೇಹಗಳನ್ನು ಜಾತಿ ಮತ ನೋಡದೆ ಮಣ್ಣು ಮಾಡಿದರು, ಚಿತೆಗೂ ಒಪ್ಪಿಸಿದರು. ಪಿಪಿಇ ತೊಟ್ಟು ಅವರು ಮಾಡಿದ್ದು ಆ ಬೇಡಿಕೆಯ ಮುಂದುವರಿಕೆ.

ಆದರೂ ಬೇಡಿಕೊಂಡವರ ಮನೆಯಲ್ಲೂ ಸಾವಾಯಿತಲ್ಲ? ಇದಕ್ಕೆ ಉತ್ತರವಿದೆಯೆಂದು ಹೇಳಿ ನೊಂದವರ ಬಾಯಿ ಮುಚ್ಚಿಸಲು ನಾನು ಸಿದ್ಧನಿಲ್ಲ. ಕೇಳಿದ್ದು ಸಿಗುತ್ತದೆಂಬ ಖಾತ್ರಿಯ ಮೇಲೆ ಬೈಬಲಿನ ಪ್ರಾರ್ಥನೆ ನಿಂತಿಲ್ಲ. ಗೆತ್ಸೆಮನೆಯಲ್ಲಿ ಯೇಸು ಬೇಡಿಕೊಂಡರೂ ಸಂಕಟದ ಪಾತ್ರೆ ಅವನಿಂದ ದೂರವಾಗಲಿಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಮೂರರಲ್ಲೊಂದು ಪಾಲು ಗೋಳು, ದೂರು. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಾಂತ್ವನದ ಸಾಲೂ ಇಲ್ಲ. ಅದನ್ನು ಸಂಪಾದಿಸಿದವರು ಅದಕ್ಕೊಂದು ಸುಖಾಂತ್ಯ ಹೊಲಿಯಲಿಲ್ಲ. ದೇವರ ಮುಂದೆ ದೂರುವುದೂ ಪ್ರಾರ್ಥನೆಯೇ ಎಂದು ಒಪ್ಪಿ ಉಳಿಸಿಕೊಂಡರು. ನಮ್ಮ ಕುಟುಂಬ ಪ್ರಾರ್ಥನೆಗಳು ಸ್ತುತಿ, ಸ್ತೋತ್ರಗಳನ್ನು ಮಾತ್ರ ಆರಿಸಿಕೊಂಡು ಈ ಗೋಳನ್ನು ಕೈಬಿಟ್ಟಿವೆ. ಅದರಿಂದಾಗಿ ಮಗನನ್ನು ಕಳೆದುಕೊಂಡ ತಾಯಿ ಪ್ರಾರ್ಥನೆಯ ಹೊತ್ತಿನಲ್ಲಿ ತನ್ನ ದುಃಖವನ್ನು ಅಡಗಿಸಿ ಕೂರಬೇಕಾಗಿದೆ. 13, 22, 88, 130ನೆಯ ಕೀರ್ತನೆಗಳನ್ನು ಧರ್ಮಕೇಂದ್ರಗಳೂ ಸಭೆಗಳೂ ಮನೆಯ ಪ್ರಾರ್ಥನಾ ಪುಸ್ತಕದಲ್ಲಿ ಅಚ್ಚುಮಾಡಿಸಲಿ. ತಿಂಗಳಿಗೊಂದು ರಾತ್ರಿಯಾದರೂ ಮಕ್ಕಳೆದುರೇ ಅವನ್ನು ಓದಲಿ. ಸತ್ತವರ ಹೆಸರನ್ನು, ಪಕ್ಕದ ಮನೆಯಲ್ಲಿ ಸತ್ತವರ ಹೆಸರನ್ನೂ ಸೇರಿಸಿ, ಗಟ್ಟಿಯಾಗಿ ಹೇಳಲಿ.