ಆಸ್ಕರ್ ಜೋಯಿಸರ ಪಂಚಾಂಗ

(ಚಿತ್ರಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2023ರ ಜನವರಿ ತಿಂಗಳ ಎರಡನೆಯ ವಾರ. ನಮ್ಮ ಮನೆಗಳಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಸಿದ್ಧವಾಗುತ್ತಿದ್ದ ಹೊತ್ತಿಗೆ ಒಂದು ಸುದ್ದಿ ಹಬ್ಬಿತು. ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಆಸ್ಕರ್ ಪಟ್ಟಿ ಸೇರಿವೆ ಎಂಬ ಸುದ್ದಿ. ಕನ್ನಡಿಗರಿಗೆ ಸಹಜವಾಗಿಯೇ ಸಂತೋಷವಾಯಿತು. ಎರಡು ವಾರ ಕಳೆದು, ಜನವರಿ 24ರಂದು ನಾಮನಿರ್ದೇಶನಗಳು ಹೊರಬಿದ್ದಾಗ ಆ ಎರಡೂ ಹೆಸರು ಇರಲಿಲ್ಲ. ಅನೇಕರಿಗೆ ಏನೋ ಮೋಸ ನಡೆದಂತೆ ಅನ್ನಿಸಿತು.

ಮೋಸವೇನೂ ನಡೆದಿರಲಿಲ್ಲ. ಮೊದಲು ಪ್ರಕಟವಾದದ್ದು ಅರ್ಹ ಚಿತ್ರಗಳ ಪಟ್ಟಿ. ಅದರಲ್ಲಿ 301 ಚಿತ್ರಗಳಿದ್ದವು. ಅಮೆರಿಕದ ಗೊತ್ತುಪಡಿಸಿದ ಆರು ಮಹಾನಗರ ಪ್ರದೇಶಗಳ ಪೈಕಿ ಒಂದರಲ್ಲಾದರೂ ಸತತ ಏಳು ದಿನ ಪ್ರದರ್ಶನ ಕಂಡು, ಕ್ರಮಬದ್ಧವಾಗಿ ಅರ್ಜಿ ಸಲ್ಲಿಸಿದ ಚಿತ್ರಗಳಿಗೆ ಅಂದು ಆ ಪಟ್ಟಿಯಲ್ಲಿ ಜಾಗವಿತ್ತು. ಚುನಾವಣೆಯಲ್ಲಿ ನಾಮಪತ್ರ ಕ್ರಮಬದ್ಧವಾಗಿದೆ ಎನ್ನುವುದಕ್ಕೂ ಅಭ್ಯರ್ಥಿ ಗೆದ್ದ ಎನ್ನುವುದಕ್ಕೂ ಇರುವ ಅಂತರವೇ ಇಲ್ಲೂ ಇತ್ತು.

ಆದರೆ ಒಂದು ಸ್ವಾರಸ್ಯ ಗಮನಿಸಿ. ನಾವು ಇಲ್ಲಿ ಹಾರೈಸುತ್ತಿದ್ದ ಅದೇ ವಾರ, ಲಾಸ್ ಏಂಜಲೀಸ್‌ನಲ್ಲಿ ಕೂತಿದ್ದ ಕೆಲವರಿಗೆ ಯಾವ ಚಿತ್ರಗಳು ನಾಮನಿರ್ದೇಶನ ಪಡೆಯುತ್ತವೆ ಎಂಬುದು ಬಹುಮಟ್ಟಿಗೆ ತಿಳಿದಿತ್ತು. ಇವರನ್ನು ನಾನು ಆಸ್ಕರ್ ಜೋಯಿಸರು ಎಂದು ಕರೆಯುತ್ತೇನೆ. ಪ್ರತಿವರ್ಷ ಭವಿಷ್ಯ ನುಡಿಯುವುದೇ ಇವರ ಕಸುಬು. ಇವರ ಮಾತು ನಿಜವಾಗುವುದು ಹೇಗೆ? ಯಾವಾಗ ಸುಳ್ಳಾಗುತ್ತದೆ? ಅದರಿಂದ ಚಿತ್ರಗಳಿಗೆ ಆಗುವುದೇನು? ಇಂದಿನ ನನ್ನ ಮಾತು ಇಷ್ಟಕ್ಕೇ ಸೀಮಿತ.

ಮೊದಲ ಆಸ್ಕರ್ ಸಮಾರಂಭದಲ್ಲಿ ಜೋಯಿಸರಿಗೆ ಕೆಲಸವೇ ಇರಲಿಲ್ಲ. 1929ರ ಮೇ 16ರಂದು ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನಲ್ಲಿ ಪ್ರಶಸ್ತಿ ಹಂಚಿಕೆ ಸುಮಾರು ಹದಿನೈದು ನಿಮಿಷದಲ್ಲಿ ಮುಗಿಯಿತು. ಗೆದ್ದವರ ಹೆಸರು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿತ್ತು. ಮುಂದೆ ಕೆಲವು ವರ್ಷ, ರಾತ್ರಿ ಹನ್ನೊಂದರ ನಂತರ ಪ್ರಕಟಿಸಬೇಕೆಂಬ ಒಪ್ಪಂದದ ಮೇಲೆ ಫಲಿತಾಂಶವನ್ನು ಮೊದಲೇ ಪತ್ರಿಕೆಗಳಿಗೆ ಕೊಡುವ ಪದ್ಧತಿ ಇತ್ತು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಸಂಜೆಯ ಆವೃತ್ತಿಯಲ್ಲೇ ಅದನ್ನು ಅಚ್ಚು ಹಾಕಿಬಿಟ್ಟಿತು. ಸಮಾರಂಭಕ್ಕೆ ಬರುತ್ತಿದ್ದ ಅತಿಥಿಗಳು ದಾರಿಯಲ್ಲೇ ಫಲಿತಾಂಶ ಓದಿದರು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆ ಬಂತು. ಗುಟ್ಟು ಬಿಗಿಯಾದಷ್ಟೂ ಊಹೆಗೆ ಬೆಲೆ ಹೆಚ್ಚಿತು.

ಊಹೆ ತಪ್ಪುವುದೂ ಹಳೆಯ ಕಥೆಯೇ. 1935ರಲ್ಲಿ ನಟಿ ಕ್ಲಾಡೆಟ್ ಕೋಲ್ಬರ್ಟ್ ತನಗೆ ಪ್ರಶಸ್ತಿ ಬರುವುದಿಲ್ಲವೆಂದು ಖಚಿತವಾಗಿ ನಂಬಿ ನ್ಯೂಯಾರ್ಕಿಗೆ ಹೊರಡಲು ರೈಲು ನಿಲ್ದಾಣಕ್ಕೆ ಹೋಗಿದ್ದಳು. ಬೆಟ್ಟಿ ಡೇವಿಸ್ ಪರವಾಗಿ ಆ ವರ್ಷ ಎಷ್ಟು ಗಲಾಟೆ ಎದ್ದಿತ್ತೆಂದರೆ, ಪಟ್ಟಿಯಲ್ಲಿಲ್ಲದ ಹೆಸರನ್ನೂ ಮತಪತ್ರದ ಮೇಲೆ ಬರೆಯಬಹುದೆಂದು ಅಕಾಡೆಮಿ ಒಪ್ಪಿಕೊಂಡಿತ್ತು. ಗೆದ್ದವಳು ಕೋಲ್ಬರ್ಟಳೇ. ಪ್ರಯಾಣದ ಉಡುಪಿನಲ್ಲೇ ಅವಳನ್ನು ಸಮಾರಂಭಕ್ಕೆ ಕರೆತಂದರು.

ಇಂದಿನ ಜೋಯಿಸರು ಅಂತಹ ಗಲಾಟೆಯನ್ನು ನಂಬುವುದಿಲ್ಲ. ಅವರು ನೋಡುವುದು ಮತದಾರರನ್ನು. ಆಸ್ಕರ್ ಕೊಡುವುದು ತೀರ್ಪುಗಾರರ ಪುಟ್ಟ ಸಮಿತಿಯಲ್ಲ, ಅಕಾಡೆಮಿಯ ಸುಮಾರು ಹತ್ತು ಸಾವಿರ ಸದಸ್ಯರು. ನಾಮನಿರ್ದೇಶನದ ಹಂತದಲ್ಲಿ ನಟರು ನಟರಿಗೆ, ಸಂಕಲನಕಾರರು ಸಂಕಲನಕಾರರಿಗೆ, ಹೀಗೆ ಆಯಾ ಕಸುಬಿನವರು ತಮ್ಮವರಿಗೆ ಮತ ಹಾಕುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ ಸೂಚಿಸಬಹುದು. ಕೊನೆಯ ಸುತ್ತಿನಲ್ಲಿ ಎಲ್ಲರೂ ಎಲ್ಲಕ್ಕೂ ಮತದಾರರೇ.

ಇವರಲ್ಲಿ ಅನೇಕರು ತಮ್ಮ ಕಸುಬಿನ ಸಂಘಗಳಲ್ಲೂ ಸದಸ್ಯರು. ಆ ಸಂಘಗಳು ಆಸ್ಕರ್‌ಗಿಂತ ಕೆಲವು ವಾರ ಮುಂಚೆಯೇ ತಮ್ಮ ಪ್ರಶಸ್ತಿ ಕೊಟ್ಟುಬಿಡುತ್ತವೆ. ಅಂದರೆ ಮತದಾರರಲ್ಲಿ ಒಂದು ಪಾಲು ಜನ ತಮ್ಮ ಮನಸ್ಸನ್ನು ಮೊದಲೇ ತೋರಿಸಿಕೊಟ್ಟ ಹಾಗಾಯಿತು. ನಿರ್ದೇಶಕರ ಸಂಘದ ದಾಖಲೆ ನೋಡಿ. 1948ರಿಂದ 2024ರವರೆಗಿನ ಚಿತ್ರಗಳನ್ನು ತೆಗೆದುಕೊಂಡರೆ, ಸಂಘ ಆರಿಸಿದ ನಿರ್ದೇಶಕನಿಗೆ ಆಸ್ಕರ್ ತಪ್ಪಿದ್ದು ಎಂಟೇ ಸಲ. ಎಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎಂಟು! ನಮ್ಮ ಯಾವ ಪಂಚಾಂಗದ ಮಳೆ ಭವಿಷ್ಯಕ್ಕೂ ಈ ಭಾಗ್ಯವಿಲ್ಲ.

ಇದಕ್ಕೆ ಹೋಲಿಸಿದರೆ ಗೋಲ್ಡನ್ ಗ್ಲೋಬ್ ಬೇರೆಯೇ ಜಾತಿಯದು. ದಶಕಗಳ ಕಾಲ ಅದನ್ನು ಕೊಡುತ್ತಿದ್ದವರು ನೂರರೊಳಗಿನ ಸಂಖ್ಯೆಯ ವಿದೇಶಿ ಪತ್ರಕರ್ತರು. ಅವರಿಗೆ ಆಸ್ಕರ್ ಮತವಿರಲಿಲ್ಲ. ಹಾಗಿದ್ದೂ ಅದರ ಫಲಿತಾಂಶಕ್ಕೆ ಎಲ್ಲರೂ ಕಿವಿಗೊಡುತ್ತಿದ್ದರು. ಯಾಕೆಂದು ಮುಂದೆ ಹೇಳುತ್ತೇನೆ.

ಜೋಯಿಸರಲ್ಲಿ ಮಳೆ ನಕ್ಷತ್ರದ ಗಾದೆಗಳಂತಹ ಸೂತ್ರಗಳೂ ಉಂಟು. ಸಂಕಲನಕ್ಕೆ ನಾಮನಿರ್ದೇಶನ ಸಿಗದ ಚಿತ್ರ ಅತ್ಯುತ್ತಮ ಚಿತ್ರವಾಗುವುದಿಲ್ಲ ಎಂಬುದು ಅಂತಹ ಒಂದು ಸೂತ್ರ. 1981ರಿಂದ 2013ರವರೆಗಿನ ಚಿತ್ರಗಳಲ್ಲಿ ಇದು ಒಂದು ಸಲವೂ ಹುಸಿಯಾಗಲಿಲ್ಲ. 2014ರ ‘ಬರ್ಡ್‌ಮ್ಯಾನ್’ ಅದನ್ನು ಮುರಿಯಿತು. ಕಡಿತವೇ ಇಲ್ಲದೆ ಒಂದೇ ಉಸಿರಿನಲ್ಲಿ ತೆಗೆದಂತೆ ಕಾಣುವ ಚಿತ್ರ ಅದು. ಸಂಕಲನ ಕಣ್ಣಿಗೇ ಬೀಳದ ಚಿತ್ರಕ್ಕೆ ಸಂಕಲನದ ಸೂತ್ರ ಹೇಗೆ ಹತ್ತೀತು? ಹಳೆಯ ಅಂಕಿಗಳನ್ನು ನಂಬುವವರಿಗೆ ಇದೊಂದು ಪಾಠ.

ಇನ್ನೊಂದು ಪಾಠ ಕಲಿಸಿದ್ದು ಮತ ಎಣಿಸುವ ರೀತಿ. 2009ರ ಚಿತ್ರಗಳಿಂದ ಅಕಾಡೆಮಿ ಅತ್ಯುತ್ತಮ ಚಿತ್ರದ ಸ್ಪರ್ಧಿಗಳನ್ನು ಐದರಿಂದ ಹತ್ತಕ್ಕೆ ಏರಿಸಿತು. ಜೊತೆಗೆ ಪ್ರಾಶಸ್ತ್ಯ ಮತದ ಪದ್ಧತಿ ತಂದಿತು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುತ್ತೇವಲ್ಲ, ಹಾಗೆಯೇ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ದರೆ ಕೊನೆಯಲ್ಲಿರುವ ಚಿತ್ರವನ್ನು ಕೈಬಿಟ್ಟು, ಅದರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾರೆ.

ನೂರು ಮತದಾರರು, ಮೂರು ಚಿತ್ರಗಳು ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 40, ಎರಡನೆಯದಕ್ಕೆ 35, ಮೂರನೆಯದಕ್ಕೆ 25 ಮತ. ಮೂರನೆಯದು ಹೊರಬಿದ್ದಾಗ ಅದರ 25ರಲ್ಲಿ 20 ಮತ ಎರಡನೆಯ ಚಿತ್ರಕ್ಕೆ, 5 ಮತ ಮೊದಲನೆಯದಕ್ಕೆ ಹೋದರೆ, ಎರಡನೆಯದು 55 ಪಡೆದು ಗೆಲ್ಲುತ್ತದೆ. ಕೆಲವರು ತಲೆಯ ಮೇಲೆ ಹೊತ್ತು ಮೆರೆಸಿ ಉಳಿದವರು ಮೂಗು ಮುರಿಯುವ ಚಿತ್ರಕ್ಕೆ ಈ ಪದ್ಧತಿ ಒಲಿಯುವುದು ಕಷ್ಟ. ಹೆಚ್ಚು ಜನ ‘ಇದೂ ಆಗಬಹುದು’ ಎನ್ನುವ ಚಿತ್ರಕ್ಕೆ ಅನುಕೂಲ.

2017ರಲ್ಲಿ ‘ಲಾ ಲಾ ಲ್ಯಾಂಡ್’ 14 ನಾಮನಿರ್ದೇಶನ ಪಡೆದು, ನಿರ್ಮಾಪಕರ ಮತ್ತು ನಿರ್ದೇಶಕರ ಸಂಘಗಳ ಪ್ರಶಸ್ತಿಯನ್ನೂ ಹೊತ್ತು ಬಂದಿತ್ತು. ವೇದಿಕೆಯ ಮೇಲೆ ಅದರ ಹೆಸರನ್ನು ಓದಿಯೂ ಆಯಿತು. ಆಮೇಲೆ ಲಕೋಟೆ ಬದಲಾಗಿದೆ ಎಂದು ತಿಳಿದು ಪ್ರಶಸ್ತಿ ‘ಮೂನ್‌ಲೈಟ್’ ಚಿತ್ರದ ಕೈಸೇರಿತು. 2020ರಲ್ಲಿ ಹೆಚ್ಚಿನ ಲಕ್ಷಣಗಳು ‘1917’ ಚಿತ್ರದ ಕಡೆಗಿದ್ದವು. ಗೆದ್ದದ್ದು ಕೊರಿಯಾದ ‘ಪ್ಯಾರಸೈಟ್’, ಅತ್ಯುತ್ತಮ ಚಿತ್ರ ಎನಿಸಿದ ಮೊದಲ ಇಂಗ್ಲಿಷೇತರ ಚಿತ್ರ. ಅಕಾಡೆಮಿ ಮತಗಳ ಲೆಕ್ಕವನ್ನು ಎಂದೂ ಹೊರಗೆಡಹುವುದಿಲ್ಲ. ಹಾಗಾಗಿ ಕಾರಣ ಇದೇ ಎಂದು ಆಣೆ ಮಾಡಲಾಗದು. ಆದರೆ ಒಂದು ಮಾತು ಸತ್ಯ. 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ನಡೆಸಿದ ಶೋಧನೆಯ ಪ್ರಕಾರ ಅಕಾಡೆಮಿಯ ಸದಸ್ಯರಲ್ಲಿ ನೂರಕ್ಕೆ 94 ಮಂದಿ ಬಿಳಿಯರು, 77 ಮಂದಿ ಗಂಡಸರು. 2015 ಮತ್ತು 2016ರಲ್ಲಿ ನಟನಟಿಯರ ಇಪ್ಪತ್ತು ನಾಮನಿರ್ದೇಶನಗಳೂ ಬಿಳಿಯರಿಗೇ ಹೋಗಿ ದೊಡ್ಡ ಪ್ರತಿಭಟನೆ ಎದ್ದಿತು. ಆಮೇಲೆ ಅಕಾಡೆಮಿ ಬೇರೆ ಬೇರೆ ದೇಶಗಳ ಸಾವಿರಾರು ಹೊಸಬರನ್ನು ಸೇರಿಸಿಕೊಂಡಿತು. ಮತದಾರರು ಬದಲಾದರೆ ಹಳೆಯ ಪಂಚಾಂಗ ಕೆಲಸಕ್ಕೆ ಬರುವುದಿಲ್ಲ.

ಗೆಲುವಿಗಿಂತ ನಾಮನಿರ್ದೇಶನವನ್ನು ಊಹಿಸುವುದು ಕಷ್ಟ. ಯಾಕೆಂದರೆ ಅಲ್ಲಿ ಮತದಾರರು ಕಡಿಮೆ. ನಟರ ವಿಭಾಗದಲ್ಲಿ ಸುಮಾರು 1,300 ಸದಸ್ಯರು. ಐದು ಸ್ಥಾನಗಳಿಗೆ ನಡೆಯುವ ಎಣಿಕೆಯಲ್ಲಿ ಆರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಂದರೆ ಎಲ್ಲರೂ ಮತ ಹಾಕಿದರೂ ಇನ್ನೂರ ಹದಿನೇಳರಷ್ಟು ಮತ ಬಂದರೆ ಸಾಕು. ‘ಕಾಂತಾರ’ಕ್ಕೆ ಸ್ಥಾನ ಸಿಗದ ಆ ಜನವರಿ 24ರಂದೇ ಆಂಡ್ರಿಯಾ ರೈಸ್‌ಬರೋ ಎಂಬ ನಟಿಯ ಹೆಸರು ಪಟ್ಟಿಯಲ್ಲಿ ಕಂಡು ಜೋಯಿಸರು ಬೆಚ್ಚಿದರು. ಅವಳ ‘ಟು ಲೆಸ್ಲಿ’ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 27 ಸಾವಿರ ಡಾಲರ್ ಮಾತ್ರ. ಸಹನಟರು ಒಬ್ಬರಿಗೊಬ್ಬರು ಪತ್ರ ಬರೆದು, ಚಿತ್ರ ನೋಡಿ ಎಂದು ಒತ್ತಾಯಿಸಿ ಈ ಕೆಲಸ ಮಾಡಿದ್ದರು. ನಿಯಮ ಮೀರಿದೆಯೇ ಎಂದು ಅಕಾಡೆಮಿ ವಿಚಾರಣೆ ನಡೆಸಿ, ಕೊನೆಗೆ ನಾಮನಿರ್ದೇಶನವನ್ನು ಉಳಿಸಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಒಬ್ಬ ಅಜ್ಜಿಯ ಕಥೆ ಇದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಜಂಬದ ಅಜ್ಜಿ. ನಾವು ನಗುತ್ತೇವೆ, ಯಾಕೆಂದರೆ ಸೂರ್ಯನಿಗೆ ಕೋಳಿಯ ಕೂಗು ಕೇಳಿಸುವುದಿಲ್ಲ. ಆದರೆ ಆಸ್ಕರ್ ಮತದಾರನಿಗೆ ಜೋಯಿಸರ ಕೂಗು ಕೇಳಿಸುತ್ತದೆ. ಅಲ್ಲೇ ಇರುವುದು ತೊಡಕು.

ಮುನ್ನೂರು ಚಿತ್ರಗಳನ್ನು ಯಾವ ಮತದಾರನೂ ನೋಡಲಾರ. ಅವನಿಗೂ ಕಸುಬಿದೆ, ಸಂಸಾರವಿದೆ. ಹಾಗಾದರೆ ಯಾವುದನ್ನು ನೋಡಬೇಕು? ಎಲ್ಲರೂ ಯಾವುದು ಗೆಲ್ಲುತ್ತದೆ ಎನ್ನುತ್ತಿದ್ದಾರೋ ಅದನ್ನು. ಗೋಲ್ಡನ್ ಗ್ಲೋಬ್‌ಗೆ ಕಿವಿಗೊಡುತ್ತಿದ್ದದ್ದು ಈ ಕಾರಣಕ್ಕೆ. ಜೋಯಿಸರ ಪಟ್ಟಿ ಮತದಾರನ ‘ನೋಡಬೇಕಾದ ಚಿತ್ರಗಳ’ ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿಲ್ಲದ ಚಿತ್ರವನ್ನು ಯಾರೂ ನೋಡುವುದಿಲ್ಲ, ನೋಡದ ಚಿತ್ರಕ್ಕೆ ಮತವಿಲ್ಲ, ಮತ ಬೀಳಲಿಲ್ಲವಾದ್ದರಿಂದ ಭವಿಷ್ಯ ನಿಜವಾಯಿತು! ಸ್ಟುಡಿಯೋಗಳು ಪ್ರಚಾರಕ್ಕೆ ಹಣ ಸುರಿಯುವುದು ಮೊದಲು ಈ ಊಹೆಯ ಪಟ್ಟಿಗಳಲ್ಲಿ ಜಾಗ ಹಿಡಿಯಲು.

ಇದು ಬರೀ ನನ್ನ ತರ್ಕವಲ್ಲ. ಇದರ ಉಲ್ಟಾ ಉದಾಹರಣೆಯೂ ಇದೆ. ವಿದೇಶಿ ಭಾಷಾ ಚಿತ್ರಗಳ ವಿಭಾಗದಲ್ಲಿ ಬಹುಕಾಲ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಐದೂ ಚಿತ್ರಗಳನ್ನು ನೋಡಿದವರು ಮಾತ್ರ ಮತ ಹಾಕಬಹುದಿತ್ತು. ಆ ಕಾಲದ ಫಲಿತಾಂಶ ನೋಡಿ. 2007ರಲ್ಲಿ ಎಲ್ಲರ ಬಾಯಲ್ಲಿದ್ದದ್ದು ‘ಪ್ಯಾನ್ಸ್ ಲ್ಯಾಬಿರಿಂತ್’. ಅದೇ ರಾತ್ರಿ ಬೇರೆ ಮೂರು ಆಸ್ಕರ್ ಗೆದ್ದರೂ ಈ ವಿಭಾಗದಲ್ಲಿ ಅದು ಜರ್ಮನಿಯ ‘ದ ಲೈವ್ಸ್ ಆಫ್ ಅದರ್ಸ್’ ಎದುರು ಸೋತಿತು. 2009ರಲ್ಲಿ ‘ವಾಲ್ಟ್ಜ್ ವಿತ್ ಬಶೀರ್’ ಬದಲು ಜಪಾನಿನ ‘ಡಿಪಾರ್ಚರ್ಸ್’. 2010ರಲ್ಲಿ ‘ದ ವೈಟ್ ರಿಬ್ಬನ್’ ಬದಲು ಅರ್ಜೆಂಟೀನಾದ ‘ದ ಸೀಕ್ರೆಟ್ ಇನ್ ದೇರ್ ಐಸ್’. ನಮ್ಮ ‘ಲಗಾನ್’ ಕಣದಲ್ಲಿದ್ದ 2002ರಲ್ಲಿಯೂ, ಒಟ್ಟು ಐದು ನಾಮನಿರ್ದೇಶನ ಪಡೆದಿದ್ದ ಫ್ರಾನ್ಸಿನ ‘ಅಮೆಲಿ’ಯನ್ನು ಹಿಂದಿಕ್ಕಿ ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ ಗೆದ್ದಿತು. ಅಲ್ಲಿ ಮತದಾರರ ಸಂಖ್ಯೆ ಕಡಿಮೆಯಿದ್ದದ್ದೂ ಅನಿಶ್ಚಯಕ್ಕೆ ಕಾರಣವಿರಬಹುದು. ಗೆದ್ದವೇ ಶ್ರೇಷ್ಠ ಎಂದೂ ನಾನು ಹೇಳುತ್ತಿಲ್ಲ. ಆದರೆ ಎಲ್ಲವನ್ನೂ ನೋಡಿ ಮತ ಹಾಕುವ ಕಡೆ ಹೊರಗಿನ ಗದ್ದಲಕ್ಕೆ ಬೆಲೆ ಕಡಿಮೆ ಎಂಬುದಂತೂ ಕಾಣುತ್ತದೆ.

ಅಕಾಡೆಮಿಗೂ ಇದು ತಡವಾಗಿ ಮನದಟ್ಟಾದಂತಿದೆ. ಕೊನೆಯ ಸುತ್ತಿನಲ್ಲಿ ಯಾವ ವಿಭಾಗಕ್ಕೆ ಮತ ಹಾಕಬೇಕೋ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕೆಂದು 2025ರ ಏಪ್ರಿಲ್‌ನಲ್ಲಿ ಅದು ನಿಯಮ ಮಾಡಿತು. ತೊಂಬತ್ತೇಳು ಸಮಾರಂಭಗಳಾದ ಮೇಲೆ! ಆದರೆ ನಾಮನಿರ್ದೇಶನದ ಮೊದಲ ಬಾಗಿಲಿಗೆ ಈ ನಿಯಮ ಕಾವಲಿಲ್ಲ. ಅಲ್ಲಿ ಇಂದಿಗೂ ಪಟ್ಟಿಯದೇ ರಾಜ್ಯ.

ಆ ಬಾಗಿಲ ಹೊರಗೆ ಉಳಿದವರು ಯಾರು ಎಂದು ನೆನೆದರೆ ಗೆದ್ದವರ ಬಗೆಗಿನ ಭ್ರಮೆ ಸ್ವಲ್ಪ ಇಳಿಯುತ್ತದೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಒಂದೇ ಒಂದು ಆಸ್ಕರ್ ನಾಮನಿರ್ದೇಶನ ಸಿಗಲಿಲ್ಲ. 1992ರಲ್ಲಿ ಅಕಾಡೆಮಿ ಅವರಿಗೆ ಗೌರವ ಪ್ರಶಸ್ತಿ ಕೊಟ್ಟಾಗ ಅವರು ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಮರು ತಿಂಗಳೇ ತೀರಿಕೊಂಡರು.

ಕೊನೆಯಲ್ಲಿ ನಮ್ಮ ಮನೆಯ ಮಾತು. ಚಿದಾನಂದ ಎಸ್. ನಾಯ್ಕ ನಿರ್ದೇಶಿಸಿದ ಹದಿನಾರು ನಿಮಿಷದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಆಸ್ಕರ್ ಸ್ಪರ್ಧೆಗೂ ಅರ್ಹವಾಯಿತು. ಡಿಸೆಂಬರಿನಲ್ಲಿ ಬಂದ ಹದಿನೈದು ಕಿರುಚಿತ್ರಗಳ ಪಟ್ಟಿಯಲ್ಲಿ ಮಾತ್ರ ಅದಿರಲಿಲ್ಲ. ಆ ದಿನಗಳಲ್ಲಿ ‘ಆಸ್ಕರ್ ಬರುತ್ತದೆಯೇ?’ ಎಂದು ನನ್ನನ್ನು ಕೇಳಿದವರು ಅನೇಕರು. ‘ಚಿತ್ರದಲ್ಲಿ ಏನಿದೆ?’ ಎಂದು ಕೇಳಿದವರು ಕಡಿಮೆ. ಏನಿದೆ ಗೊತ್ತೇ? ಆ ಅಜ್ಜಿ ಮತ್ತು ಕೋಳಿಯ ಕಥೆಯೇ. ಅಜ್ಜಿ ಕೋಳಿ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗಾಗುವುದೇ ಇಲ್ಲ.

ಜೋಯಿಸರ ಪಂಚಾಂಗವನ್ನು ಓದಿ, ನಾನೂ ಓದುತ್ತೇನೆ. ಹತ್ತು ಸಾವಿರ ಮಂದಿಯ ಮನಸ್ಸು ಯಾವ ಕಡೆ ವಾಲುತ್ತದೆಂದು ತಿಳಿಯಲು ಅದು ಒಳ್ಳೆಯ ಸಾಧನ. ಆದರೆ ಆ ಹತ್ತು ಸಾವಿರ ಮಂದಿಗೆ ನಿಯಮ ಮಾಡಿ ಹೇಳಬೇಕಾಗಿ ಬಂದದ್ದನ್ನು ನಾವು ನಿಯಮವಿಲ್ಲದೆಯೇ ಪಾಲಿಸಬಹುದು. ಮೊದಲು ಚಿತ್ರ ನೋಡೋಣ.